ನ್ಯಾಯವಾದ ಬೆಲೆ ಮತ್ತು ಸ್ಪರ್ಧೆಯ ನೀತಿ: ಒಂದು ಮೂಟೆ ಸಿಮೆಂಟಿನ ಇತಿಹಾಸ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆ ಕನ್ನಡ ನಾಡಿನಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ. ಮನೆ ಕಟ್ಟುವವನ ಕಷ್ಟಗಳ ಪಟ್ಟಿಗೆ ಇಪ್ಪತ್ತನೆಯ ಶತಮಾನವು ಹೊಸದೊಂದನ್ನು ಸೇರಿಸಿತು. ಅದು ಸಿಮೆಂಟಿನ ಕಷ್ಟ. ಕೆಲವು ಕಾಲ ಅದು ಹಣ ಕೊಟ್ಟರೂ ಸಿಗಲಿಲ್ಲ. ಇನ್ನು ಕೆಲವು ಕಾಲ ಎಲ್ಲೆಡೆ ಸಿಕ್ಕಿತಾದರೂ, ಎಲ್ಲ ಅಂಗಡಿಗಳಲ್ಲಿಯೂ ಬೆಲೆ ಒಟ್ಟಿಗೇ ಏರಿತು. ಈ ಎರಡು ಕಷ್ಟಗಳ ನಡುವೆ ಭಾರತದ ಆರ್ಥಿಕ ನೀತಿಯ ಸುಮಾರು ಒಂದು ಶತಮಾನದ ಇತಿಹಾಸ ಅಡಗಿದೆ. ಪೇಟೆಯಲ್ಲಿ ಸ್ಪರ್ಧೆಯನ್ನು ಕಾಪಾಡುವ ಹೊಣೆ ಯಾರದು, ಅದನ್ನು ಹೇಗೆ ನಿರ್ವಹಿಸಬೇಕು ಎಂಬ ಪ್ರಶ್ನೆಗೆ ರಾಷ್ಟ್ರವು ಕಾಲಕಾಲಕ್ಕೆ ಕೊಟ್ಟ ಉತ್ತರಗಳನ್ನು ಒಂದು ಮೂಟೆ ಸಿಮೆಂಟಿನ ಮೂಲಕವೇ ಅರಿಯಬಹುದು.

ಪ್ರಶ್ನೆಯೇನೋ ಹೊಸದಲ್ಲ. 1905ರಲ್ಲಿ ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳಿಗೆ ದೊರೆತು, 1909ರಲ್ಲಿ ಪ್ರಕಟವಾದ ಕೌಟಿಲ್ಯನ ಅರ್ಥಶಾಸ್ತ್ರದ ‘ಕಂಟಕಶೋಧನ’ವೆಂಬ ಅಧಿಕರಣದಲ್ಲಿ, ವರ್ತಕರು ಒಂದಾಗಿ ಸರಕನ್ನು ತಡೆಹಿಡಿದರೆ ಅಥವಾ ಅನುಚಿತ ಬೆಲೆಗೆ ಮಾರಿದರೆ ಒಂದು ಸಾವಿರ ಪಣಗಳ ದಂಡವನ್ನು ವಿಧಿಸಲಾಗಿದೆ. ಆದರೆ ಅದೇ ಗ್ರಂಥವು ಉಪ್ಪು, ಗಣಿ ಮೊದಲಾದವುಗಳ ಒಡೆತನವನ್ನು ಪ್ರಭುತ್ವಕ್ಕೇ ಕೊಡುತ್ತದೆ. ವರ್ತಕರ ಕೂಟವು ದೋಷವೆಂದೂ ರಾಜನ ಏಕಸ್ವಾಮ್ಯವು ಲೋಕಹಿತವೆಂದೂ ಬಗೆಯುವ ಈ ದೃಷ್ಟಿಯು ಸ್ವತಂತ್ರ ಭಾರತದ ನೀತಿಯಲ್ಲಿಯೂ ಕಾಣಿಸಿಕೊಂಡಿತು.

ಭಾರತದಲ್ಲಿ ಸಿಮೆಂಟು ತಯಾರಿಕೆಯ ಮೊದಲ ಪ್ರಯತ್ನ 1904ರಲ್ಲಿ ಮದರಾಸಿನಲ್ಲಿ ನಡೆದು ವಿಫಲವಾಯಿತು. 1914ರಲ್ಲಿ ಗುಜರಾತಿನ ಪೋರಬಂದರಿನ ಕಾರ್ಖಾನೆಯು ಸುಮಾರು ಒಂದು ಸಾವಿರ ಟನ್‌ನಷ್ಟು ಸಿಮೆಂಟನ್ನು ತಯಾರಿಸಿ ಉದ್ಯಮಕ್ಕೆ ಭದ್ರವಾದ ಅಡಿಪಾಯ ಹಾಕಿತು. ಮೊದಲ ಮಹಾಯುದ್ಧದ ಕಾಲದಲ್ಲಿ ಬೇಡಿಕೆ ಏರಿತು. ಯುದ್ಧ ಮುಗಿದ ಮೇಲೆ ಹೊಸ ಕಾರ್ಖಾನೆಗಳು ಒಂದರ ಹಿಂದೊಂದು ತಲೆಯೆತ್ತಿದವು. ಬೇಡಿಕೆಗಿಂತ ಉತ್ಪಾದನಾ ಸಾಮರ್ಥ್ಯ ಹೆಚ್ಚಾದಾಗ ಕಂಪನಿಗಳು ಬೆಲೆ ಇಳಿಸುವ ಪೈಪೋಟಿಗಿಳಿದವು. ಕೆಲವು ಮುಚ್ಚಿಯೂ ಹೋದವು. ಉಳಿದವರು ಪರಸ್ಪರ ಒಪ್ಪಂದದ ದಾರಿ ಹಿಡಿದರು. 1925ರಲ್ಲಿ ತಯಾರಕರ ಸಂಘವೊಂದು ಹುಟ್ಟಿತು. 1930ರಲ್ಲಿ ಮಾರಾಟಕ್ಕಾಗಿಯೇ ಒಂದು ಸಮಾನ ಕಂಪನಿ ಏರ್ಪಟ್ಟಿತು. 1936ರಲ್ಲಿ ಹತ್ತು ಕಂಪನಿಗಳು ವಿಲೀನಗೊಂಡು ‘ಅಸೋಸಿಯೇಟೆಡ್ ಸಿಮೆಂಟ್ ಕಂಪನೀಸ್’ ಎಂಬ ಒಂದೇ ಸಂಸ್ಥೆಯಾದವು. ಹೊರಗಿನಿಂದ ದಾಲ್ಮಿಯಾ ಸಮೂಹವು ಬಂದು ಸ್ಪರ್ಧಿಸಿದಾಗ ಬೆಲೆ ಮತ್ತೆ ಕುಸಿಯಿತು. ಆದರೆ ಕೆಲವೇ ವರ್ಷಗಳಲ್ಲಿ ಇಬ್ಬರೂ ಕೂಡಿ ಮಾರಾಟ ಮಾಡುವ ಒಡಂಬಡಿಕೆಗೆ ಬಂದರು. ಇದನ್ನು ತಡೆಯುವ ಯಾವ ಕಾನೂನೂ ಆಗ ಈ ದೇಶದಲ್ಲಿ ಇರಲಿಲ್ಲ.

ಸಿಮೆಂಟಿನ ಗುಣವೇ ಇಂಥ ಒಡಂಬಡಿಕೆಗೆ ಅನುಕೂಲವಾಗಿದೆ. ಒಂದು ಕಂಪನಿಯ ಸಿಮೆಂಟಿಗೂ ಮತ್ತೊಂದರದಕ್ಕೂ ಹೆಚ್ಚಿನ ಭೇದವಿಲ್ಲ. ಆದ್ದರಿಂದ ಸ್ಪರ್ಧೆಯೆಂದರೆ ಮುಖ್ಯವಾಗಿ ಬೆಲೆಯ ಸ್ಪರ್ಧೆಯೇ. ಸರಕು ಭಾರವಾದದ್ದು, ಸಾಗಾಣಿಕೆಯ ವೆಚ್ಚ ದೊಡ್ಡದು. ಆದ್ದರಿಂದ ದೂರದ ಕಾರ್ಖಾನೆಯು ಬಂದು ಹತ್ತಿರದ ಪೇಟೆಯಲ್ಲಿ ಸುಲಭವಾಗಿ ನಿಲ್ಲಲಾರದು. ಕಾರ್ಖಾನೆ ಕಟ್ಟಲು ಅಪಾರ ಬಂಡವಾಳ ಬೇಕಾಗಿರುವುದರಿಂದ ಮಾರುವವರು ಕೆಲವರೇ. ಕೊಳ್ಳುವವನಿಗೋ ಬೇರೆ ದಾರಿಯಿಲ್ಲ; ತಳಪಾಯ ಹಾಕಿದ ಮನೆಯನ್ನು ಬೆಲೆ ಇಳಿಯುವವರೆಗೆ ಹಾಗೆಯೇ ಬಿಡಲಾಗುವುದಿಲ್ಲ. ಮಾರುವ ನಾಲ್ಕಾರು ಜನ ಒಂದೆಡೆ ಕುಳಿತು ಮಾತಾಡಿಕೊಂಡರೆ ಸಾಕು, ಲಕ್ಷಾಂತರ ಜನರ ಜೇಬಿನಿಂದ ಸದ್ದಿಲ್ಲದೆ ಹಣ ಹರಿದುಹೋಗುತ್ತದೆ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಸರ್ಕಾರವು ಸಿಮೆಂಟಿನ ಮೇಲೆ ನಿಯಂತ್ರಣ ಹೇರಿತು. ಸ್ವಾತಂತ್ರ್ಯಾನಂತರವೂ ಅಲ್ಪಸ್ವಲ್ಪ ಬಿಡುವಿನೊಡನೆ ಅದು ಮುಂದುವರಿಯಿತು. 1951ರ ಕೈಗಾರಿಕೆಗಳ (ಅಭಿವೃದ್ಧಿ ಮತ್ತು ನಿಯಂತ್ರಣ) ಕಾಯಿದೆಯ ಪ್ರಕಾರ ಹೊಸ ಕಾರ್ಖಾನೆಗೂ, ಇದ್ದ ಕಾರ್ಖಾನೆಯ ವಿಸ್ತರಣೆಗೂ ಪರವಾನಗಿ ಅಗತ್ಯವಾಯಿತು. 1956ರಲ್ಲಿ ಸಿಮೆಂಟಿನ ವಿತರಣೆಯನ್ನು ರಾಜ್ಯ ವ್ಯಾಪಾರ ನಿಗಮಕ್ಕೆ ವಹಿಸಲಾಯಿತು. ಉದ್ದೇಶವು ಉದಾತ್ತವಾಗಿತ್ತು: ಅಣೆಕಟ್ಟು, ಸೇತುವೆ, ಆಸ್ಪತ್ರೆಗಳಿಗೆ ಮೊದಲು ಸಿಮೆಂಟು ಸಿಗಬೇಕು, ಕಾರ್ಖಾನೆಗೆ ದೂರದ ಊರಿನವನೂ ಹತ್ತಿರದವನಷ್ಟೇ ಬೆಲೆ ಕೊಡಬೇಕು. ಪರಿಣಾಮವು ಬೇರೆಯಾಯಿತು. ನಿಗದಿಯಾದ ಬೆಲೆಯಲ್ಲಿ ಹೊಸ ಬಂಡವಾಳ ಹೂಡುವ ಆಸಕ್ತಿ ಕಂಪನಿಗಳಿಗೆ ಉಳಿಯಲಿಲ್ಲ. ಉತ್ಪಾದನೆ ಬೇಡಿಕೆಗಿಂತ ಹಿಂದೆ ಬಿದ್ದಿತು. ಪರ್ಮಿಟ್ಟಿಗಾಗಿ ಕಚೇರಿಗಳ ಮುಂದೆ ಜನ ಕಾದರು. ಪರ್ಮಿಟ್ಟು ಸಿಗದವರು ಕಾಳಸಂತೆಗೆ ಹೋದರು. ಹೇರಳ ಸುಣ್ಣಕಲ್ಲಿರುವ ದೇಶವು ವಿದೇಶಗಳಿಂದ ಸಿಮೆಂಟು ತರಿಸಿಕೊಳ್ಳುವ ಸ್ಥಿತಿಯೂ ಬಂದಿತು.

ಈ ನಡುವೆ ಆರ್ಥಿಕ ಶಕ್ತಿಯು ಕೆಲವರಲ್ಲೇ ಸಂಗ್ರಹವಾಗುತ್ತಿದೆಯೆಂಬ ಆತಂಕವು ರಾಷ್ಟ್ರದಲ್ಲಿ ಬೆಳೆಯಿತು. 1964ರಲ್ಲಿ ನ್ಯಾಯಮೂರ್ತಿ ಕೆ. ಸಿ. ದಾಸಗುಪ್ತರ ಅಧ್ಯಕ್ಷತೆಯಲ್ಲಿ ನೇಮಕವಾದ ಏಕಸ್ವಾಮ್ಯ ವಿಚಾರಣಾ ಆಯೋಗವು ಮರುವರ್ಷ ವರದಿ ನೀಡಿತು. 75 ಉದ್ಯಮ ಮನೆತನಗಳ ಕೈಯಲ್ಲಿ ಸರ್ಕಾರೇತರ ಕಂಪನಿಗಳ ಒಟ್ಟು ಆಸ್ತಿಯ ಅರ್ಧಕ್ಕೆ ಸಮೀಪದ ಭಾಗವಿದೆಯೆಂದು ಅದು ಗುರುತಿಸಿತು. 1967ರಲ್ಲಿ ಆರ್. ಕೆ. ಹಜಾರಿಯವರ ಅಧ್ಯಯನವು ಇನ್ನೊಂದು ಕಹಿಸತ್ಯವನ್ನು ಹೊರಗೆಡವಿತು. ಏಕಸ್ವಾಮ್ಯವನ್ನು ತಡೆಯಬೇಕಾದ ಪರವಾನಗಿಗಳನ್ನೇ ದೊಡ್ಡವರು ಮುಂಚಿತವಾಗಿ ಪಡೆದು, ಕಾರ್ಖಾನೆ ಕಟ್ಟದೆ ಇಟ್ಟುಕೊಂಡು, ಇತರರ ಪ್ರವೇಶವನ್ನು ತಡೆಯುತ್ತಿದ್ದರು. ಬೇಲಿಯೇ ಎದ್ದು ಹೊಲ ಮೇಯ್ದಂತಾಗಿತ್ತು.

ಇದರ ಫಲವಾಗಿ ಬಂದ 1969ರ ಏಕಸ್ವಾಮ್ಯ ಮತ್ತು ನಿರ್ಬಂಧಕ ವ್ಯಾಪಾರ ಪದ್ಧತಿಗಳ ಕಾಯಿದೆಯು 1970ರ ಜೂನ್ 1ರಿಂದ ಜಾರಿಗೆ ಬಂದಿತು. ಸಮೂಹದ ಆಸ್ತಿಯು 20 ಕೋಟಿ ರೂಪಾಯಿಗಳನ್ನು ಮುಟ್ಟಿದರೆ, ವಿಸ್ತರಣೆಗೂ ಹೊಸ ಘಟಕಕ್ಕೂ ಕೇಂದ್ರ ಸರ್ಕಾರದ ಅನುಮತಿ ಬೇಕಾಯಿತು. ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ದೊಡ್ಡದಾಗಿರುವುದು ಬೇರೆ, ದೊಡ್ಡತನವನ್ನು ದುರುಪಯೋಗಪಡಿಸುವುದು ಬೇರೆ. ಕಾಯಿದೆಯಲ್ಲಿ ಎರಡಕ್ಕೂ ಸ್ಥಾನವಿತ್ತು. ಆದರೆ ಆಚರಣೆಯಲ್ಲಿ ಮೊದಲನೆಯದರ ಮೇಲೆಯೇ ಒತ್ತು ಬಿದ್ದಿತು. ಹೆಚ್ಚು ಸಿಮೆಂಟು ತಯಾರಿಸಬಲ್ಲವನು ಅನುಮತಿಗಾಗಿ ಕಾಯಬೇಕಾಯಿತು. ಹಳೆಯ ಯಂತ್ರಗಳಿಂದ ದುಬಾರಿಯಾಗಿ ತಯಾರಿಸುವವನು ಯಾವ ಸ್ಪರ್ಧೆಯ ಭಯವೂ ಇಲ್ಲದೆ ಉಳಿದುಕೊಂಡನು. ಸರ್ಕಾರಿ ಉದ್ಯಮಗಳಂತೂ 1991ರವರೆಗೆ ಈ ಕಾಯಿದೆಯ ಹೊರಗೇ ಇದ್ದವು. ಕೊರತೆಯಿರುವ ಪೇಟೆಯಲ್ಲಿ ಅಧಿಕಾರವು ಉತ್ಪಾದಕನಿಂದ ಹಂಚುವವನ ಕೈಗೆ ಜಾರುತ್ತದೆ. 1982ರ ಜನವರಿಯಲ್ಲಿ ಮಹಾರಾಷ್ಟ್ರದ ಮುಖ್ಯಮಂತ್ರಿಯೊಬ್ಬರು ಪದತ್ಯಾಗ ಮಾಡಬೇಕಾಗಿ ಬಂದದ್ದು, ಸಿಮೆಂಟಿನ ಹಂಚಿಕೆಗೂ ಟ್ರಸ್ಟುಗಳಿಗೆ ಸಂದ ದೇಣಿಗೆಗಳಿಗೂ ಸಂಬಂಧವಿದೆಯೆಂದು ಮುಂಬಯಿಯ ಉಚ್ಚ ನ್ಯಾಯಾಲಯವು ತೀರ್ಪು ನೀಡಿದ ಕಾರಣದಿಂದ.

ಅದೇ ವರ್ಷ ಫೆಬ್ರವರಿಯ ಕೊನೆಯಲ್ಲಿ ನೀತಿಯು ತಿರುವು ಪಡೆಯಿತು. ಹಳೆಯ ಕಾರ್ಖಾನೆಗಳು ತಮ್ಮ ಸಾಮರ್ಥ್ಯದ ಸುಮಾರು ಮೂರರಲ್ಲಿ ಎರಡು ಭಾಗವನ್ನೂ ಹೊಸವು ಅರ್ಧ ಭಾಗವನ್ನೂ ನಿಯಂತ್ರಿತ ಬೆಲೆಗೆ ಲೆವಿಯಾಗಿ ಕೊಟ್ಟು, ಉಳಿದದ್ದನ್ನು ಮುಕ್ತವಾಗಿ ಮಾರಬಹುದಾಯಿತು. ಲೆವಿಯ ಪ್ರಮಾಣವು ಹಂತಹಂತವಾಗಿ ಇಳಿದು, 1989ರ ಮಾರ್ಚ್ 1ರಂದು ನಿಯಂತ್ರಣವು ಪೂರ್ಣವಾಗಿ ತೊಲಗಿತು. 1981-82ರಲ್ಲಿ ಸುಮಾರು 2.1 ಕೋಟಿ ಟನ್ ಇದ್ದ ಉತ್ಪಾದನೆಯು 1988-89ರ ಹೊತ್ತಿಗೆ ಸುಮಾರು 4.4 ಕೋಟಿ ಟನ್ನಿಗೇರಿತು. ಅರವತ್ತೇಳು ವರ್ಷಗಳಲ್ಲಿ ಸಾಧಿಸಿದಷ್ಟನ್ನು ದೇಶವು ಏಳು ವರ್ಷಗಳಲ್ಲಿ ಮತ್ತೊಮ್ಮೆ ಸಾಧಿಸಿತು.

ಈ ಬದಲಾವಣೆಯ ಗುರುತು ಕರ್ನಾಟಕದ ನೆಲದ ಮೇಲೂ ಇದೆ. ಕಾಗಿಣಾ ನದಿಯ ದಂಡೆಯ ಮಳಖೇಡವು ಒಂದು ಕಾಲದಲ್ಲಿ ರಾಷ್ಟ್ರಕೂಟರ ರಾಜಧಾನಿಯಾದ ಮಾನ್ಯಖೇಟ. ಶಹಾಬಾದಿನ ಕಲ್ಲಿಗೆ ಹೆಸರಾದ ಆ ಸೀಮೆಯ ಒಡಲಲ್ಲಿ ಅಪಾರ ಸುಣ್ಣಕಲ್ಲಿದೆ. ಶಹಾಬಾದ್, ವಾಡಿಗಳಲ್ಲಿ ಹಿಂದೆಯೇ ಸಿಮೆಂಟು ಕಾರ್ಖಾನೆಗಳಿದ್ದವು. 1980ರ ದಶಕದಲ್ಲಿ ಮಳಖೇಡ, ಸೇಡಂಗಳ ಬಳಿ ಹೊಸ ಕಾರ್ಖಾನೆಗಳು ಎದ್ದವು. ನೆಲದಡಿಯ ಕಲ್ಲು ಯುಗಯುಗಗಳಿಂದ ಅಲ್ಲಿಯೇ ಇತ್ತು. ಅದನ್ನು ಮೇಲೆತ್ತಲು ಪ್ರೇರಣೆ ಕೊಟ್ಟದ್ದು ನೀತಿಯ ಬದಲಾವಣೆ.

ಆದರೆ ಬಾಗಿಲು ತೆರೆದ ಮಾತ್ರಕ್ಕೆ ಸ್ಪರ್ಧೆಯು ತಾನಾಗಿ ನೆಲೆಗೊಳ್ಳುವುದಿಲ್ಲ. ನಿಯಂತ್ರಣದ ಕಾಲದಲ್ಲಿ ಬೆಲೆಯನ್ನು ಸರ್ಕಾರ ನಿರ್ಧರಿಸುತ್ತಿತ್ತು; ನಿಯಂತ್ರಣ ಹೋದ ಮೇಲೆ ಕಂಪನಿಗಳೇ ಕೂಡಿ ನಿರ್ಧರಿಸುತ್ತಿವೆಯೇ ಎಂಬ ಸಂಶಯ ಬಹುಬೇಗ ಎದ್ದಿತು. ಏಕಸ್ವಾಮ್ಯ ಆಯೋಗದ ಮುಂದೆ 1990ರಲ್ಲಿ ಈ ಬಗ್ಗೆ ವಿಚಾರಣೆ ಆರಂಭವಾಯಿತು. ಒಳಸಂಚು ನಡೆದಿದೆಯೆಂದು ಆಯೋಗವು ತೀರ್ಮಾನಿಸಿದ್ದು 2007ರ ಡಿಸೆಂಬರಿನಲ್ಲಿ. ಹದಿನೇಳು ವರ್ಷಗಳ ನಂತರವೂ ಅದು ಹೇಳಬಹುದಾಗಿದ್ದದ್ದು ‘ಇನ್ನು ಮುಂದೆ ಹೀಗೆ ಮಾಡಕೂಡದು’ ಎಂಬಷ್ಟನ್ನು ಮಾತ್ರ. ತಪ್ಪಿಗೆ ದಂಡ ವಿಧಿಸುವ ಅಧಿಕಾರವು ಅದಕ್ಕೆ ಇರಲಿಲ್ಲ.

ಈ ಕೊರತೆಯು ಮೊದಲೇ ತಿಳಿದಿದ್ದಿತು. 1991ರಲ್ಲಿ ಆಸ್ತಿಯ ಮಿತಿಗಳನ್ನು ತೆಗೆದುಹಾಕಿದ ಮೇಲೆ ಹಳೆಯ ಕಾಯಿದೆಯು ಬಹುಮಟ್ಟಿಗೆ ನಿಸ್ಸತ್ವವಾಗಿತ್ತು. 1999ರಲ್ಲಿ ಎಸ್. ವಿ. ಎಸ್. ರಾಘವನ್ ಅವರ ಅಧ್ಯಕ್ಷತೆಯ ಸಮಿತಿಯು ನೇಮಕಗೊಂಡು, ಮರುವರ್ಷ ಹೊಸ ಶಾಸನವನ್ನು ಶಿಫಾರಸು ಮಾಡಿತು. ಅದರಿಂದ ಹುಟ್ಟಿದ 2002ರ ಸ್ಪರ್ಧಾ ಕಾಯಿದೆಯ ದೃಷ್ಟಿ ಬೇರೆ. ದೊಡ್ಡದಾಗಿ ಬೆಳೆಯುವುದು ದೋಷವಲ್ಲ. ಪ್ರಾಬಲ್ಯದ ದುರುಪಯೋಗವೂ ಪ್ರತಿಸ್ಪರ್ಧಿಗಳ ನಡುವಣ ಗುಪ್ತ ಒಪ್ಪಂದವೂ ದೋಷ. ಆಯೋಗದ ಸ್ವರೂಪದ ಬಗ್ಗೆ ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನೆ ಎದ್ದು, 2007ರಲ್ಲಿ ತಿದ್ದುಪಡಿಯಾಗಿ, ಮುಖ್ಯ ವಿಧಿಗಳು ಜಾರಿಗೆ ಬಂದದ್ದು 2009ರ ಮೇ 20ರಂದು. ಕೂಟ ಕಟ್ಟಿದವರಿಗೆ ಅದು ನಡೆದ ಪ್ರತಿ ವರ್ಷದ ಲಾಭದ ಮೂರು ಪಟ್ಟು ಅಥವಾ ವಹಿವಾಟಿನ ಶೇಕಡಾ ಹತ್ತು, ಇವುಗಳಲ್ಲಿ ಹೆಚ್ಚಿನದರವರೆಗೆ ದಂಡ ವಿಧಿಸುವ ಅಧಿಕಾರವನ್ನು ಕಾಯಿದೆಯು ಆಯೋಗಕ್ಕೆ ಕೊಟ್ಟಿತು. ತಪ್ಪೊಪ್ಪಿಕೊಂಡು ಸಾಕ್ಷ್ಯ ಕೊಡುವವನಿಗೆ ರಿಯಾಯಿತಿಯನ್ನೂ ಇಟ್ಟಿತು.

ಸಿಮೆಂಟು ಮತ್ತೆ ಕಟಕಟೆಗೆ ಬಂದಿತು. 2010ರಲ್ಲಿ ಕಟ್ಟಡ ನಿರ್ಮಾಪಕರ ಸಂಘವು ತಯಾರಕರ ಸಂಘದ ಮೇಲೂ ಹನ್ನೊಂದು ಕಂಪನಿಗಳ ಮೇಲೂ ದೂರಿತು. ಕಂಪನಿಗಳು ಆರೋಪವನ್ನು ನಿರಾಕರಿಸಿದವು. ಒಂದೇ ಬಗೆಯ ವೆಚ್ಚಗಳಿರುವ ಉದ್ಯಮದಲ್ಲಿ ಬೆಲೆಗಳೂ ಒಟ್ಟಿಗೆ ಚಲಿಸುವುದು ಸಹಜವೆಂದು ವಾದಿಸಿದವು. ಈ ವಾದವು ತಳ್ಳಿಹಾಕುವಂಥದಲ್ಲ. ಆದ್ದರಿಂದಲೇ ಆಯೋಗವು ಬೆಲೆಯೊಂದನ್ನೇ ನೋಡದೆ, ಸಂಘದ ಸಭೆಗಳಲ್ಲಿ ನಡೆದ ಮಾಹಿತಿಯ ವಿನಿಮಯವನ್ನೂ, ಬೇಡಿಕೆಯಿದ್ದಾಗಲೇ ಉತ್ಪಾದನೆ ಮತ್ತು ರವಾನೆ ಕುಗ್ಗಿದ್ದನ್ನೂ ಪರಿಶೀಲಿಸಿ, 2012ರ ಜೂನ್‌ನಲ್ಲಿ ಸುಮಾರು 6,300 ಕೋಟಿ ರೂಪಾಯಿಗಳ ದಂಡ ವಿಧಿಸಿತು. ವಾದಗಳನ್ನು ಆಲಿಸದವರು ಆದೇಶಕ್ಕೆ ಸಹಿ ಹಾಕಿದ್ದಾರೆಂಬ ಕಾರಣದಿಂದ 2015ರಲ್ಲಿ ಮೇಲ್ಮನವಿ ನ್ಯಾಯಾಧಿಕರಣವು ಅದನ್ನು ರದ್ದುಪಡಿಸಿತು. ಆಯೋಗವು ಮತ್ತೆ ಕೇಳಿ, 2016ರ ಆಗಸ್ಟ್‌ನಲ್ಲಿ ಮತ್ತೊಮ್ಮೆ ದಂಡ ವಿಧಿಸಿತು. 2018ರ ಜುಲೈನಲ್ಲಿ ಮೇಲ್ಮನವಿಯಲ್ಲಿ ಅದು ಸ್ಥಿರವಾಯಿತು. ವ್ಯಾಜ್ಯವು ಸುಪ್ರೀಂ ಕೋರ್ಟನ್ನು ಮುಟ್ಟಿತು. ಆರೋಪಿಗೂ ನ್ಯಾಯವಾದ ವಿಚಾರಣೆಯ ಹಕ್ಕಿದೆ ಎಂಬುದನ್ನು ಈ ವಿಳಂಬವು ನೆನಪಿಸುತ್ತದೆ. ಆದರೆ ದೂರು ಬಂದ ವರ್ಷದಲ್ಲಿ ಮನೆ ಕಟ್ಟಿಸಿದವನು ಆ ಹೊತ್ತಿಗೆ ಅದರಲ್ಲಿ ಎಂಟು ಮಳೆಗಾಲಗಳನ್ನು ಕಳೆದಿದ್ದನು. ದಂಡದ ಹಣ ಸರ್ಕಾರದ ಬೊಕ್ಕಸಕ್ಕೆ ಸೇರುತ್ತದೆಯೇ ಹೊರತು ಅವನ ಮನೆಯ ಬಾಗಿಲಿಗೆ ಬರುವುದಿಲ್ಲ.

2018-19ರ ಹೊತ್ತಿಗೆ ಭಾರತದ ಸಿಮೆಂಟು ಉತ್ಪಾದನೆಯು 33 ಕೋಟಿ ಟನ್ನುಗಳನ್ನು ಮೀರಿ, ಚೀನಾದ ನಂತರದ ಸ್ಥಾನದಲ್ಲಿ ನಿಂತಿತ್ತು. ಪ್ರವೇಶದ ಬಾಗಿಲನ್ನು ತೆರೆಯದೆ ಈ ಬೆಳವಣಿಗೆ ಸಾಧ್ಯವಿರಲಿಲ್ಲ. ಆದರೆ ಬೆಳವಣಿಗೆಯ ಫಲವು ಕೊಳ್ಳುವವನಿಗೆ ಮುಟ್ಟಬೇಕಾದರೆ ಬಾಗಿಲು ತೆರೆದರೆ ಸಾಲದು, ಒಳಗೆ ನಡೆಯುವುದನ್ನು ಗಮನಿಸುವ ಕಣ್ಣೂ ಬೇಕು. ಮೊದಲ ಮೂರು ದಶಕಗಳಲ್ಲಿ ಪ್ರಭುತ್ವವು ವರ್ತಕನನ್ನು ನಂಬದೆ ತನ್ನನ್ನು ಅತಿಯಾಗಿ ನಂಬಿತು. ನಿಯಂತ್ರಣ ತೊಲಗಿದ ಮೇಲಿನ ಎರಡು ದಶಕಗಳಲ್ಲಿ ಪೇಟೆಯನ್ನು ನಂಬಿ ಕಾವಲನ್ನು ಮರೆಯಿತು. ಎರಡು ತಪ್ಪುಗಳ ಬೆಲೆಯನ್ನೂ ತೆತ್ತವನು ಒಬ್ಬನೇ: ಹತ್ತಾರು ವರ್ಷಗಳ ಉಳಿತಾಯವನ್ನು ಒಟ್ಟುಗೂಡಿಸಿ, ಒಂದೊಂದು ಮೂಟೆಯನ್ನೂ ಎಣಿಸಿ ಇಳಿಸಿಕೊಂಡ ಗೃಹಸ್ಥನು. ಸ್ಪರ್ಧೆಯ ನೀತಿಯು ಅರ್ಥಶಾಸ್ತ್ರಜ್ಞರ ಚರ್ಚೆಗೆ ಮಾತ್ರ ಸೇರಿದ ವಿಷಯವಲ್ಲ. ಕಾಣದ ಕೊಳ್ಳುವವನಿಗೆ ಮಾರುವವನು ತೋರಬೇಕಾದ ಪ್ರಾಮಾಣಿಕತೆಯನ್ನೇ ಅದು ಕಾನೂನಿನ ಭಾಷೆಯಲ್ಲಿ ಕೇಳುತ್ತದೆ. ಆ ಪ್ರಾಮಾಣಿಕತೆಯು ತಯಾರಕರ ಸಭೆಯ ಮೇಜಿನ ಸುತ್ತ ಇಲ್ಲದಿದ್ದರೆ, ಅದನ್ನು ಕೇಳುವ ಧ್ವನಿಯು ಹದಿನೇಳು ವರ್ಷಗಳ ನಂತರ ಬರುವಂತಾಗಬಾರದು.