ಕಿಟೆಲ್ ಸಾಹೇಬರ ನಲವತ್ತು ವರ್ಷ, ನನ್ನ ಹದಿನೆಂಟು ತಿಂಗಳು

ಕಳೆದ ತಿಂಗಳು ನಮ್ಮ ಪ್ರಾಜೆಕ್ಟ್ ಮುಚ್ಚಿಹೋಯಿತು. ಎಂಟು ಜನ ಹದಿನೆಂಟು ತಿಂಗಳು ಕೂತು ಬರೆದ ಕೋಡು. ಒಂದು ಬೆಳಿಗ್ಗೆ ನಾಲ್ಕು ಸಾಲಿನ ಮೇಲ್ ಬಂತು, ಅಷ್ಟೇ. ಕೆಲಸವೇನೂ ಹೋಗಲಿಲ್ಲ, ಬೇರೆ ಟೀಮಿಗೆ ಹಾಕಿದರು. ಆದರೆ ಹದಿನೆಂಟು ತಿಂಗಳು ಎಲ್ಲಿ ಹೋಯಿತು? ಆ ಪ್ರಾಜೆಕ್ಟಿಗಾಗಿ ನಾನು ಪ್ರಾರ್ಥನೆ ಕೂಡ ಮಾಡಿದ್ದೆ. ನಿಜ ಹೇಳಬೇಕೆಂದರೆ ದೇವರ ಮೇಲೇ ಸಿಟ್ಟು ಬಂದಿತ್ತು.

ಧಾರವಾಡಕ್ಕೆ ಫೋನ್ ಮಾಡಿ ಅಜ್ಜಿ ಹತ್ತಿರ ಗೋಳಾಡಿದೆ. ಆಕೆ ಎಲ್ಲ ಕೇಳಿ, "ನಿನ್ನ ಗಡಿಯಾರ ಬ್ಯಾರೆ, ದೇವರ ಗಡಿಯಾರ ಬ್ಯಾರೆ ಐತಿ ತಮ್ಮಾ. ಊಟಾ ಮಾಡೀ ಇಲ್ಲೋ?" ಅಂದಳು. ಇಂಥ ಮಾತು ಕೇಳಿದರೆ ನನಗೆ ಇನ್ನಷ್ಟು ಉರಿಯುತ್ತದೆ :-)

ಆದರೆ ಆ ರಾತ್ರಿ ಯಾವುದೋ ಹಳೆಗನ್ನಡ ಪದದ ಅರ್ಥ ಹುಡುಕುತ್ತಾ ಕಿಟೆಲ್ ಕೋಶ ತೆರೆದೆ. ನಮ್ಮದು ಬಾಸೆಲ್ ಮಿಶನ್ ಕಾಲದಲ್ಲಿ ಕ್ರೈಸ್ತರಾದ ಮನೆತನ, ಹಾಗಾಗಿ ಚಿಕ್ಕಂದಿನಿಂದ ಕಿಟೆಲ್ ಹೆಸರು ಕೇಳಿದ್ದೇನೆ. ಆದರೆ ಅವರ ಜೀವನದ ಇಸವಿಗಳನ್ನು ಒಂದರ ಕೆಳಗೊಂದು ಬರೆದು ನೋಡಿದ್ದು ಅವತ್ತೇ.

ಫರ್ಡಿನಾಂಡ್ ಕಿಟೆಲ್ ಹುಟ್ಟಿದ್ದು 1832ರಲ್ಲಿ, ಉತ್ತರ ಜರ್ಮನಿಯ ಸಮುದ್ರತೀರದ ಹಳ್ಳಿಯೊಂದರಲ್ಲಿ. ಬಾಸೆಲ್ ಮಿಶನ್ನಿನವರಾಗಿ ಇಲ್ಲಿಗೆ ಬಂದದ್ದು 1853ರಲ್ಲಿ. ಆಗ ಅವರಿಗೆ ಇಪ್ಪತ್ತೊಂದು ವರ್ಷ! ಬಂದದ್ದು ಯಾತಕ್ಕೆ? ಡಿಕ್ಷನರಿ ಬರೆಯಲಿಕ್ಕೆ ಖಂಡಿತಾ ಅಲ್ಲ, ಸುವಾರ್ತೆ ಸಾರಲಿಕ್ಕೆ. ಇಲ್ಲಿನ ಜನರ ಹಾಗೇ ಬದುಕಬೇಕು, ಅವರ ಮಾತಿನಲ್ಲೇ ಮಾತಾಡಬೇಕು ಎಂಬ ಹುರುಪಿನ ಹುಡುಗ. ಮಿಶನ್ನಿನ ಒಳಗೆ ಅವರು ಒಂದು ಬಗೆಯ ಹೊರಗಿನವರಾಗಿಯೇ ಉಳಿದರು. ಸದಾ ಪುಸ್ತಕ, ಪಂಡಿತರು, ಹಳೆಯ ಓಲೆಗರಿ ಎಂದು ಕೂರುವ ಪಾದ್ರಿಯಿಂದ ಸಭೆಗೆ ಏನು ಲಾಭ ಎಂದು ಜೊತೆಯವರಿಗೆ ಅನ್ನಿಸಿದ್ದರೆ ಆಶ್ಚರ್ಯವಿಲ್ಲ ಬಿಡಿ.

1860ರಲ್ಲಿ ಪೌಲೀನ್ ಅವರೊಡನೆ ಮದುವೆ. 1864ರಲ್ಲಿ ಪೌಲೀನ್ ತೀರಿಕೊಂಡರು. ಬರೀ ನಾಲ್ಕು ವರ್ಷ.

ಆಮೇಲಿನ ಇಸವಿಗಳನ್ನು ನೋಡಿ. 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣ ಸಂಪಾದಿಸಿ ಅಚ್ಚು ಹಾಕಿಸಿದರು. 1875ರಲ್ಲಿ ನಾಗವರ್ಮನ ಛಂದೋಂಬುಧಿ. ವ್ಯಾಕರಣ ಆಯಿತು, ಛಂದಸ್ಸು ಆಯಿತು, ಇವೆರಡೂ ಗಟ್ಟಿಯಾಗದೆ ಕೋಶ ಕಟ್ಟುವುದು ಹೇಗೆ? ನಡುವೆ ಜರ್ಮನಿಗೆ ಹೋಗಿದ್ದವರು, ಕೋಶದ ಕೆಲಸಕ್ಕೆಂದೇ ಐವತ್ತು ದಾಟಿದ ವಯಸ್ಸಿನಲ್ಲಿ ಮತ್ತೆ ಹಡಗು ಹತ್ತಿ ಬಂದರು. ಕೊನೆಗೆ 1892ರಲ್ಲಿ ಹಿಂದಿರುಗಿದರು. ಕೋಶ ಮಂಗಳೂರಿನಲ್ಲಿ ಹೊರಬಂದದ್ದು 1894ರಲ್ಲಿ. ಇಲ್ಲಿಗೆ ಬಂದ ಇಪ್ಪತ್ತೊಂದರ ಹುಡುಗ ಅಷ್ಟೊತ್ತಿಗೆ ಅರವತ್ತೆರಡರ ಮುದುಕ, ಇರುವುದು ದೂರದ ಜರ್ಮನಿಯಲ್ಲಿ.

ಸುಮಾರು 70,000 ಪದಗಳು, 1,700ಕ್ಕೂ ಹೆಚ್ಚು ಪುಟ. ಪದಕ್ಕೆ ಅರ್ಥ ಮಾತ್ರವಲ್ಲ, ತಮಿಳು, ತೆಲುಗು, ಮಲಯಾಳ, ತುಳುವಿನಲ್ಲಿ ಅದರ ನೆಂಟರು ಯಾರು, ಯಾವ ಕಾವ್ಯದಲ್ಲಿ ಬಂದಿದೆ, ಯಾವ ಗಾದೆಯಲ್ಲಿದೆ ಎಲ್ಲವೂ ಇದೆ. ಕಂಪ್ಯೂಟರ್ ಇಲ್ಲ, ಸರ್ಚ್ ಇಲ್ಲ, ಸಾರ್ಟ್ ಇಲ್ಲ. ಎಲ್ಲ ಕೈಬರಹ. 70,000 ಪದಗಳನ್ನು ಕೈಯಲ್ಲೇ ಅಕಾರಾದಿಯಾಗಿ ಜೋಡಿಸುವುದನ್ನು ಒಮ್ಮೆ ಊಹಿಸಿಕೊಳ್ಳಿ...

1896ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. 1903ರಲ್ಲಿ ಕನ್ನಡ ವ್ಯಾಕರಣದ ಪುಸ್ತಕ ಬಂತು. ಅದೇ ವರ್ಷ ಡಿಸೆಂಬರಿನಲ್ಲಿ ಕಿಟೆಲ್ಲರು ತೀರಿಕೊಂಡರು.

ಈಗ ನನ್ನ ತಕರಾರು. ಇದನ್ನು ದೇವರ ವೇಳೆ ಅನ್ನಬೇಕೋ, ಜರ್ಮನ್ನರ ಹಟ ಅನ್ನಬೇಕೋ? ಎರಡು ದಿನ ಇದೇ ತಲೆಯಲ್ಲಿತ್ತು. ಹಟ ಇದ್ದರೆ ಕೆಲಸ ಮುಗಿಯುತ್ತದೆ, ಒಪ್ಪಿದೆ. ಆದರೆ ಆ ಕೆಲಸ ಯಾರಿಗೆ, ಯಾವಾಗ, ಹೇಗೆ ಒದಗಬೇಕು ಅನ್ನುವುದು ಹಟದ ಕೈಯಲ್ಲಿಲ್ಲವಲ್ಲ? ಸುವಾರ್ತೆಗೆಂದು ಬಂದವರ ಪುಸ್ತಕವನ್ನು ಹೆಚ್ಚಾಗಿ ಬಳಸಿದವರು ಎಂದೂ ಚರ್ಚಿನ ಮೆಟ್ಟಿಲು ಹತ್ತದವರು. 1968ರಿಂದ 1971ರವರೆಗೆ ಎಂ. ಮರಿಯಪ್ಪ ಭಟ್ಟರು ಇದನ್ನೇ ಪರಿಷ್ಕರಿಸಿ ಮದರಾಸು ವಿಶ್ವವಿದ್ಯಾಲಯದಿಂದ ನಾಲ್ಕು ಸಂಪುಟಗಳಲ್ಲಿ ತಂದರು. ಮೊನ್ನೆ ರಾತ್ರಿ ಒಂದೂವರೆಗೆ ನಾನೂ ಲ್ಯಾಪ್‌ಟಾಪಿನಲ್ಲಿ ಅದನ್ನೇ ಹುಡುಕುತ್ತಿದ್ದೆ. ಈ ಸ್ಪೆಕ್ ಅನ್ನು ಕಿಟೆಲ್ಲರು ಬರೆದಿರಲಿಲ್ಲ. ನಂಬಿಕೆ ಬೇಕಾಗುವುದು ಇಲ್ಲೇ ಅನ್ನಿಸಿತು.

ಬೈಬಲ್ಲಿನ ಯಾಕೋಬನ ಪತ್ರಿಕೆಯಲ್ಲಿ ತಾಳ್ಮೆಗೆ ಕೊಡುವ ಉದಾಹರಣೆ ರೈತನದು. ಮುಂಗಾರು, ಹಿಂಗಾರು ಎರಡೂ ಮಳೆಗೆ ಕಾಯುವವನು. ಧಾರವಾಡದ ಎರೆಹೊಲ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಳೆ ಅವನ ಕೈಯಲ್ಲಿಲ್ಲ, ಹಾಗಂತ ಅವನು ಕಟ್ಟೆ ಮೇಲೆ ಕೂತಿರುವುದಿಲ್ಲ. ಹರಗುತ್ತಾನೆ, ಬಿತ್ತುತ್ತಾನೆ, ಕಳೆ ತೆಗೆಯುತ್ತಾನೆ. ನಾನು ಇಷ್ಟು ದಿನ ತಾಳ್ಮೆ ಅಂದರೆ ಕಟ್ಟೆ ಮೇಲೆ ಕೂರುವುದು ಅಂದುಕೊಂಡಿದ್ದೆ. ಅದಕ್ಕೇ ಅಜ್ಜಿಯ ಮಾತಿಗೆ ಉರಿಯುತ್ತಿತ್ತೇನೋ.

ಕನ್ನಡದ ಮಾತನ್ನೇ ನೋಡಿ. ರೂಪ ತಾಳು, ಜನ್ಮ ತಾಳು, ಮೌನ ತಾಳು ಅನ್ನುತ್ತೇವೆ. ತಾಳುವುದು ಅಂದರೆ ಹೊರುವುದು, ಹಿಡಿದುಕೊಳ್ಳುವುದು. ಕೈ ಖಾಲಿ ಇದ್ದವನಿಗೆ ತಾಳ್ಮೆ ಎಲ್ಲಿಂದ?

ಹದಿನೆಂಟು ತಿಂಗಳು ಎಲ್ಲಿ ಹೋಯಿತು ಅನ್ನುವುದಕ್ಕೆ ನನಗಿನ್ನೂ ಉತ್ತರ ಸಿಕ್ಕಿಲ್ಲ. ಸಿಗದೆಯೂ ಇರಬಹುದು. ಹೊಸ ಟೀಮಿನಲ್ಲಿ ಮಾತ್ರ ಸೋಮವಾರದಿಂದ ಮನಸ್ಸಿಟ್ಟು ಕೂತಿದ್ದೇನೆ. ಅಜ್ಜಿಗೆ ಫೋನ್ ಮಾಡಿ ಊಟ ಆಯ್ತು ಅಂತಲೂ ಹೇಳಿದೆ.

ನಿಮಗೂ ಹೀಗೆ ಕಾಯಿಸಿ ಕಾಯಿಸಿ ಕಲಿಸಿದ್ದು ಏನಾದರೂ ಇದೆಯಾ? ಇದ್ದರೆ ಬರೆಯಿರಿ.