ಬಗ್ಗದ ಕಣ, ಬಾಗುವ ಕಬ್ಬಿಣ: ನಮ್ಮ ಉಕ್ಕಿನ ಕಥೆ

ಮದ್ದೂರಿನಿಂದ ಮಾತಾಡ್ತಿದ್ದೀನಿ. ವಡೆಯ ಮದ್ದೂರಲ್ಲ, ಗುಂಡ್ಲುಪೇಟೆ ತಾಲ್ಲೂಕಿನ ಕಾಡಂಚಿನ ಮದ್ದೂರು. ನಾನು ಓದಿದ್ದು ಬಿ.ಕಾಂ, ಇವತ್ತಿನ ಮಾತು ಲೋಹದ್ದು. ಇಂಗ್ಲಿಷಿನವರು ‘ವೂಟ್ಸ್’ ಅಂತ ಕರೆದ ಹೆಸರಾಂತ ಲೋಹ ಇದೆಯಲ್ಲ, ಆ ಪದ ನಮ್ಮ ‘ಉಕ್ಕು’ ಅನ್ನೋದರಿಂದಲೇ ಬಂತು ಅಂತ ಅನೇಕ ವಿದ್ವಾಂಸರು ಹೇಳ್ತಾರೆ.

ಮೊದಲು ಒಂದು ಒಗಟು. 1722ರ ಸುಮಾರಿಗೆ ಫ್ರಾನ್ಸಿನ ವಿಜ್ಞಾನಿ ರಿಯೋಮರ್ ಕೈಗೆ ಕೈರೋದಿಂದ ಭಾರತದ ಉಕ್ಕಿನ ಗಟ್ಟಿ ಬಂತು. ಅದನ್ನು ಬಡಿದು ಒಂದು ಉಪಕರಣ ಮಾಡಿಕೊಡುವ ಕಮ್ಮಾರ ಪ್ಯಾರಿಸ್ಸಿನಲ್ಲಿ ಸಿಗಲಿಲ್ಲ. ಆದರೆ ಇಂಥದೇ ಉಕ್ಕಿನಲ್ಲಿ ಪರ್ಷಿಯಾದವರು, ನಮ್ಮವರು ನೀರಿನ ಅಲೆಯಂಥ ಗೆರೆ ಮೂಡುವ ಕತ್ತಿ ಮಾಡ್ತಿದ್ರು. ಹೇಗೆ?

ಗಟ್ಟಿಯೊಳಗೆ ಏನಿತ್ತು ನೋಡೋಣ. 1800-01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕನನ್ ಮಾಗಡಿ ಕಡೆಯ ಉಕ್ಕಿನ ಕೆಲಸವನ್ನು ಕಂಡು ಬರೆದಿದ್ದಾನೆ. ಮಣ್ಣಿನ ಮೂಸೆಯಲ್ಲಿ ಕಬ್ಬಿಣದ ತುಂಡು, ತಂಗಡಿ ಕಡ್ಡಿ, ಹಸಿರೆಲೆ ಹಾಕಿ, ಬಾಯಿ ಮುಚ್ಚಿ, ತಿದಿ ಊದಿ ಇದ್ದಿಲ ಬೆಂಕಿಯಲ್ಲಿ ಕಾಯಿಸೋದು. ನಮ್ಮ ಕಡೆ ಒಣನೆಲದಲ್ಲಿ ಹಳದಿ ಹೂ ಬಿಡುತ್ತಲ್ಲ, ಅದೇ ತಂಗಡಿ. ಕಡ್ಡಿ, ಎಲೆಯ ಇಂಗಾಲ ಕಬ್ಬಿಣಕ್ಕೆ ಇಳಿಯುತ್ತೆ, ಸುಮಾರು ಶೇ 1.5ರಷ್ಟು. ಕಬ್ಬಿಣಕ್ಕೆ ಅಷ್ಟನ್ನು ಕರಗಿಸಿ ಇಟ್ಟುಕೊಳ್ಳೋಕೆ ಆಗಲ್ಲ. ಆರುವಾಗ ಹೆಚ್ಚಾದದ್ದು ಸಿಮೆಂಟೈಟ್ ಅನ್ನೋ ಕಣವಾಗಿ ಹೊರಬೀಳುತ್ತೆ. ಬಹಳ ಗಡಸು, ಬಗ್ಗೋದೇ ಇಲ್ಲ.

ಈಗ ಸುತ್ತಿಗೆ ಬಿತ್ತು ಅಂದ್ಕೊಳ್ಳಿ. ಕಡ್ಲೆಮಿಠಾಯಿ ಲಟ್ಟಿಸೋದನ್ನ ನೆನೆಸ್ಕೊಳ್ಳಿ. ಹದ ಬಿಸಿಯಲ್ಲಿ ಬೆಲ್ಲ ಹರಡುತ್ತೆ, ಬೀಜ ಹಾಗೇ ಇರುತ್ತೆ. ಪಾಕ ಇನ್ನೂ ನೀರಾಗಿದ್ರೆ ಒಟ್ಟಿಗೆ ನಿಲ್ಲಲ್ಲ. ತಣ್ಣಗಾದ ಮೇಲೆ ಒತ್ತಿದ್ರೆ ಬೀಜದ ಪಕ್ಕದಲ್ಲೇ ಬಿರುಕು.

ಲೋಹದಲ್ಲೂ ಹೆಚ್ಚು ಕಡಿಮೆ ಇದೇ. ಜಮಖಾನ ಸರಿಸೋಕೆ ಒಂದು ಸುಕ್ಕು ಮಾಡಿ ತಳ್ತೀವಲ್ಲ, ಹಾಗೆ ಲೋಹ ಬಾಗುವಾಗ ಒಳಗೆ ‘ಡಿಸ್‌ಲೊಕೇಶನ್’ ಅನ್ನೋ ಗೆರೆಗಳು ಚಲಿಸ್ತವೆ. ಸಣ್ಣ ಗಡಸು ಕಣ ಅಡ್ಡ ಬಂದರೆ ಗೆರೆ ಅದನ್ನು ಸುತ್ತಿಕೊಂಡು, ಒಂದು ಉಂಗುರ ಬಿಟ್ಟು ಮುಂದೆ ಹೋಗುತ್ತೆ. ಮುಂದಿನ ಗೆರೆಗೆ ದಾರಿ ಇನ್ನೂ ಕಿರಿದು, ಲೋಹ ಇನ್ನೂ ಬಿಗಿ. ಹಂಗೇರಿ ಮೂಲದ ಎಗಾನ್ ಓರೋವಾನ್ 1948ರಲ್ಲಿ ಕೊಟ್ಟ ವಿವರಣೆ ಇದು. ಕಣ ದೊಡ್ಡದಾದರೆ ಒತ್ತಡ ಅದರ ಸುತ್ತ ಕೂಡಿ ಕಣ ಒಡೆಯುತ್ತೆ, ಇಲ್ಲವೇ ಪಕ್ಕದಲ್ಲಿ ಗುಳ್ಳೆ ತೆರೆಯುತ್ತೆ.

ಮೂಸೆಯ ಉಕ್ಕಿನಲ್ಲಿ ಸಿಮೆಂಟೈಟ್ ಬಲೆಯ ಹಾಗೆ ಹೆಣೆದುಕೊಂಡಿರುತ್ತೆ. ತಣ್ಣಗೆ ಬಡಿದರೆ ಆ ಬಲೆಯ ಗುಂಟ ಸೀಳುತ್ತೆ. ಯುರೋಪಿನ ಕಮ್ಮಾರರಿಗೆ ರೂಢಿಯಿದ್ದ ಬೆಳ್ಳಗಿನ ಕಾವಿನಲ್ಲಿ ಬಡಿದರೆ, ಇಷ್ಟು ಇಂಗಾಲದ ಉಕ್ಕು ಒಳಗೇ ಕರಗತೊಡಗಿ ಪುಡಿಯಾಗುತ್ತೆ. ಕೆಂಪು ಕಾವಿನಲ್ಲಿ, ತಾಳ್ಮೆಯಿಂದ ಮತ್ತೆ ಮತ್ತೆ ಬಡಿದರೆ ಕಬ್ಬಿಣ ಹರಿಯುತ್ತೆ, ಬಲೆ ಮುರಿದು ಉರುಟು ಕಣಗಳಾಗುತ್ತೆ, ಕಣಗಳು ಸಾಲುಗಟ್ಟುತ್ತವೆ. ಆ ಸಾಲುಗಳೇ ಕತ್ತಿಯ ಅಲೆ. 1998ರಲ್ಲಿ ಅಮೆರಿಕದ ಪ್ರೊಫೆಸರ್ ವರ್ಹೋವನ್ ಮತ್ತು ಕಮ್ಮಾರ ಪೆಂಡ್ರೆ ತಮ್ಮ ಸಂಗಡಿಗರೊಂದಿಗೆ ಇನ್ನೊಂದು ಗುಟ್ಟು ತೋರಿಸಿದ್ರು: ಸಾಲು ಕಟ್ಟೋಕೆ ಶೇ 0.02ಕ್ಕಿಂತ ಕಡಿಮೆ ವೆನೇಡಿಯಂನಂಥ ಬೆರಕೆಯೂ ಸಾಕು. ಅದು ಅದಿರಿನ ಜೊತೆಗೇ ಬರುವಂಥದ್ದು.

ನಮ್ಮವರ ಕೈಚಳಕ ಕತ್ತಿಗಷ್ಟೇ ಅಲ್ಲ. ಚನ್ನಪಟ್ಟಣದ ಉಕ್ಕಿನ ತಂತಿ ವಾದ್ಯಗಳಿಗೆ ಬಳಕೆಯಾಗಿ ದೂರದೂರಿಗೂ ಹೋಗ್ತಿತ್ತು ಅಂತಾನೆ ಬುಕನನ್. ತಂತಿ ಎಳೆಯುವಾಗ ತಪ್ಪು ಜಾಗದಲ್ಲಿ ಒಂದು ದೊಡ್ಡ ಕಣ ಇದ್ದರೂ ತುಂಡಾಗೋಕೆ ಸಾಕು.

ಆಮೇಲೆ ಕಾರ್ಖಾನೆಯ ಅಗ್ಗದ ಉಕ್ಕು ಹಡಗಿನಲ್ಲಿ ಬಂತು, ಇದ್ದಿಲು ದುಬಾರಿಯಾಯ್ತು, ಕುಲುಮೆಗಳು ಆರಿದವು. ಕಾಮರ್ಸ್ ಓದಿದ ನನ್ನ ಕಣ್ಣಿಗೆ ಬೀಳೋದು ಇದು: ಬುಕನನ್ ಖರ್ಚು, ಆದಾಯದ ಲೆಕ್ಕ ಇಟ್ಟ. ಕೆಂಪು ಎಷ್ಟು ಕೆಂಪಾಗಿರಬೇಕು ಅನ್ನೋದು ಕಮ್ಮಾರನ ಕಣ್ಣಲ್ಲಿತ್ತು, ಅದು ಯಾವ ಲೆಕ್ಕದ ಪುಸ್ತಕಕ್ಕೂ ಬರಲಿಲ್ಲ. ಕುಲುಮೆ ಮುಚ್ಚಿದಾಗ ಹೋದದ್ದು ಆ ಕಣ್ಣು. ಅದನ್ನು ಮತ್ತೆ ಕಂಡುಕೊಳ್ಳೋಕೆ ಸೂಕ್ಷ್ಮದರ್ಶಕ ಬೇಕಾಯ್ತು, ಬಹಳ ವರ್ಷ ಹಿಡೀತು.

ನಿಮ್ಮೂರಲ್ಲಿ ಇನ್ನೂ ಕುಲುಮೆ ಉರೀತಿದ್ರೆ, ಕಾವನ್ನು ಹೇಗೆ ಗುರುತಿಸ್ತಾರೆ ಅಂತ ಕೇಳಿ ಬರೆದಿಟ್ಕೊಳ್ಳಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.