ಮೂರಕ್ಷರದ ಲಿಪಿ ಓದಿದವರು

ಕಣ್ಣಿಗೆ ಕಾಣದಷ್ಟು ಚಿಕ್ಕದಾದ ಜೀವಕೋಶವೊಂದು ಎರಡಾಗುವಾಗ ತನ್ನೊಳಗಿನ ಮಾಹಿತಿಯನ್ನೆಲ್ಲ ನಕಲು ಮಾಡಿಕೊಳ್ಳುವುದು ಹೇಗೆ? ಆ ಮಾಹಿತಿಯನ್ನು ಓದಿ ರಕ್ತ, ಮಾಂಸ, ಕೂದಲು, ಉಗುರುಗಳನ್ನು ಕಟ್ಟುವುದು ಹೇಗೆ? ಶತಮಾನಗಳಿಂದ ಒಗಟಾಗಿದ್ದ ಈ ಎರಡು ಪ್ರಶ್ನೆಗಳಿಗೆ ಮುಖ್ಯ ಉತ್ತರಗಳು ದೊರೆತದ್ದು 1953ರಿಂದ 1966ರವರೆಗಿನ ಹದಿಮೂರೇ ವರ್ಷಗಳಲ್ಲಿ. ಉತ್ತರ ಹುಡುಕಿದವರಲ್ಲಿ ಅವಿಭಜಿತ ಪಂಜಾಬಿನ ಪುಟ್ಟ ಹಳ್ಳಿಯೊಂದರ ಪಟವಾರಿಯ ಮಗನೂ ಇದ್ದ. ಪಟವಾರಿ ಎಂದರೆ ಹೆಚ್ಚುಕಡಿಮೆ ನಮ್ಮ ಕಡೆಯ ಶಾನುಭೋಗ.

ಶಾನುಭೋಗರ ಕಡತದ ಹೋಲಿಕೆಯಿಂದಲೇ ಈ ಕಥೆಯನ್ನು ಅರ್ಥ ಮಾಡಿಕೊಳ್ಳಬಹುದು. ಜಮೀನಿನ ಮೂಲ ದಾಖಲೆ ಕಚೇರಿ ಬಿಟ್ಟು ಹೊರಗೆ ಹೋಗುವುದಿಲ್ಲ. ಬೇಕಾದವರು ತಮಗೆ ಬೇಕಾದ ಪುಟದ ನಕಲು ಪಡೆದು ಕೆಲಸ ಮುಗಿಸಿಕೊಳ್ಳುತ್ತಾರೆ. ಜೀವಕೋಶದಲ್ಲೂ ಹಾಗೆಯೇ. ಮೂಲ ದಾಖಲೆ ಡಿಎನ್‌ಎ. ಅದು ಕೋಶಕೇಂದ್ರದಲ್ಲಿ ಭದ್ರವಾಗಿರುತ್ತದೆ. ಅದರ ಒಂದೊಂದು ಪುಟ ಒಂದೊಂದು ವಂಶವಾಹಿ. ಹೊರಗೆ ಹೋಗುವ ನಕಲಿನ ಹೆಸರು ಆರ್‌ಎನ್‌ಎ. ಆ ನಕಲು ಓದಿ ಪ್ರೋಟೀನ್ ತಯಾರಿಸುವ ಕಾರ್ಖಾನೆಗಳು ರೈಬೋಸೋಮ್‌ಗಳು.

1953ರ ಏಪ್ರಿಲ್‌ನಲ್ಲಿ ಜೇಮ್ಸ್ ವಾಟ್ಸನ್ ಮತ್ತು ಫ್ರಾನ್ಸಿಸ್ ಕ್ರಿಕ್ ಡಿಎನ್‌ಎ ರಚನೆಯನ್ನು ಪ್ರಕಟಿಸಿದರು. ರೊಸಾಲಿಂಡ್ ಫ್ರಾಂಕ್ಲಿನ್ ತೆಗೆದ ಎಕ್ಸ್‌ರೇ ಚಿತ್ರಗಳ ನೆರವು ಅದರ ಹಿಂದೆ ಇತ್ತು. ಡಿಎನ್‌ಎ ಎಂದರೆ ಒಂದಕ್ಕೊಂದು ಸುತ್ತಿಕೊಂಡ ಎರಡು ಎಳೆ. ಅದರ ಅಕ್ಷರಗಳು ನಾಲ್ಕೇ: ಎ, ಟಿ, ಜಿ, ಸಿ. ಒಂದು ಎಳೆಯಲ್ಲಿ ಎ ಇದ್ದರೆ ಎದುರಿನದರಲ್ಲಿ ಟಿ, ಜಿ ಇದ್ದರೆ ಸಿ. ಎಳೆಗಳನ್ನು ಬಿಡಿಸಿದರೆ ಪ್ರತಿಯೊಂದೂ ತನ್ನ ಜೋಡಿಗೆ ಅಚ್ಚಾಗಬಲ್ಲದು. ಆದರೆ ಜೀವಕೋಶ ನಿಜವಾಗಿ ಹಾಗೆಯೇ ಮಾಡುತ್ತದೆಯೇ?

ಇದನ್ನು 1958ರಲ್ಲಿ ಸಾಬೀತುಪಡಿಸಿದವರು ಅಮೆರಿಕದ ಮ್ಯಾಥ್ಯೂ ಮೆಸೆಲ್ಸನ್ ಮತ್ತು ಫ್ರಾಂಕ್ಲಿನ್ ಸ್ಟಾಲ್. ಅವರು ಬ್ಯಾಕ್ಟೀರಿಯಾಗಳಿಗೆ ಮೊದಲು ಭಾರದ ಸಾರಜನಕ ಉಣಿಸಿ, ಆಮೇಲೆ ಸಾಧಾರಣ ಸಾರಜನಕದಲ್ಲಿ ಬೆಳೆಸಿದರು. ಒಂದು ತಲೆಮಾರಿನ ನಂತರ ಡಿಎನ್‌ಎ ಪೂರ್ತಿ ಭಾರವೂ ಅಲ್ಲ, ಪೂರ್ತಿ ಹಗುರವೂ ಅಲ್ಲ, ಸರಿಯಾಗಿ ನಡುವಿನ ತೂಕದ್ದಾಗಿತ್ತು. ಅಂದರೆ ಪ್ರತಿ ಹೊಸ ಡಿಎನ್‌ಎಯಲ್ಲಿ ಒಂದು ಎಳೆ ಹಳೆಯದು, ಇನ್ನೊಂದು ಹೊಸದು. ಈ ನಕಲು ಮಾಡುವ ಕಿಣ್ವವನ್ನು ಆರ್ಥರ್ ಕಾರ್ನ್‌ಬರ್ಗ್ ಅದಕ್ಕೂ ಮೊದಲೇ ಪತ್ತೆ ಹಚ್ಚಿ, ಅಂಥದೊಂದು ಕಿಣ್ವ ಇದೆ ಎಂಬುದನ್ನು ತೋರಿಸಿದ್ದರು.

ನಕಲಿನ ಗುಟ್ಟು ತಿಳಿಯಿತು. ಓದಿನ ಗುಟ್ಟು ಉಳಿಯಿತು. ಪ್ರೋಟೀನ್‌ಗಳು ಅಮೈನೋ ಆಮ್ಲಗಳೆಂಬ ಮಣಿಗಳನ್ನು ಪೋಣಿಸಿದ ಸರಗಳು. ಮಣಿಗಳಲ್ಲಿ 20 ಬಗೆ, ಡಿಎನ್‌ಎ ಅಕ್ಷರಗಳಲ್ಲಿ ನಾಲ್ಕೇ ಬಗೆ. ಒಂದಕ್ಷರಕ್ಕೆ ಒಂದು ಮಣಿ ಎಂದರೆ ನಾಲ್ಕು ಮಾತ್ರ ಸಾಧ್ಯ. ಎರಡಕ್ಷರದ ಪದಗಳಾದರೆ 16. ಅದೂ ಸಾಲದು. ಮೂರಕ್ಷರದ ಪದಗಳಾದರೆ 64, ಬೇಕಾದಷ್ಟಾಯಿತು. ಈ ಲೆಕ್ಕ ಹಾಕಿದವರು ಜೀವಶಾಸ್ತ್ರಜ್ಞರಲ್ಲ, ವಿಶ್ವದ ಉಗಮದ ಬಗ್ಗೆ ಬರೆದು ಪ್ರಸಿದ್ಧರಾಗಿದ್ದ ಭೌತವಿಜ್ಞಾನಿ ಜಾರ್ಜ್ ಗ್ಯಾಮೊವ್. ಇದಕ್ಕಾಗಿಯೇ ಅವರು 20 ಜನರ ಒಂದು ಕೂಟವನ್ನೂ ಕಟ್ಟಿದರು. ಒಬ್ಬೊಬ್ಬ ಸದಸ್ಯನಿಗೂ ಒಂದೊಂದು ಅಮೈನೋ ಆಮ್ಲದ ಹೆಸರು, ಕೊರಳಿಗೆ ಕೂಟದ ಟೈ. ಕ್ರಿಕ್, ವಾಟ್ಸನ್‌ರಂಥ ಘಟಾನುಘಟಿಗಳು ಅದರಲ್ಲಿದ್ದರು. ವರ್ಷಗಟ್ಟಲೆ ಕಾಗದದ ಮೇಲೆ ಲೆಕ್ಕ ನಡೆಯಿತು. ಸೊಗಸಾದ ಸಿದ್ಧಾಂತಗಳು ಒಂದಾದ ಮೇಲೊಂದು ಹುಟ್ಟಿ, ಬಿದ್ದು ಹೋದವು. ಒಂದು ಪದದ ಅರ್ಥವೂ ಸಿಗಲಿಲ್ಲ.

ಅರ್ಥ ಸಿಕ್ಕಿದ್ದು ಕೂಟದ ಹೊರಗಿನವರಿಗೆ. ವಾಷಿಂಗ್ಟನ್ ಬಳಿಯ ಬೆಥೆಸ್ಡಾದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಮಾರ್ಷಲ್ ನಿರೆನ್‌ಬರ್ಗ್ ಎಂಬ ತರುಣ ವಿಜ್ಞಾನಿ ಇದ್ದರು. ಅಷ್ಟೊತ್ತಿಗೆ ಅವರ ಹೆಸರು ಕೇಳಿದವರು ಕಡಿಮೆ. ಜರ್ಮನಿಯಿಂದ ಬಂದ ಹೈನ್ರಿಕ್ ಮಥಾಯ್ ಅವರ ಜೊತೆಗಾರ. ಇಬ್ಬರೂ ಬ್ಯಾಕ್ಟೀರಿಯಾಗಳನ್ನು ಅರೆದು ರಸ ತೆಗೆದರು. ಕೋಶ ಒಡೆದಿದ್ದರೂ ಆ ರಸಕ್ಕೆ ಪ್ರೋಟೀನ್ ಕಟ್ಟುವ ಶಕ್ತಿ ಉಳಿದಿರುತ್ತದೆ. ಅದಕ್ಕೆ ಅವರು ಒಂದೇ ಅಕ್ಷರ ಮತ್ತೆ ಮತ್ತೆ ಬರುವ ಕೃತಕ ಆರ್‌ಎನ್‌ಎ ಸೇರಿಸಿದರು. ಆರ್‌ಎನ್‌ಎಯಲ್ಲಿ ಟಿ ಬದಲು ಯು ಇರುತ್ತದೆ. ಇದರಲ್ಲಿ ಇದ್ದದ್ದು ಬರೀ ಯು, ಯು, ಯು. ಒಂದೊಂದು ಸಲಕ್ಕೆ ಒಂದೊಂದು ಅಮೈನೋ ಆಮ್ಲಕ್ಕೆ ವಿಕಿರಣದ ಗುರುತು ಹಾಕಿ ಪರೀಕ್ಷೆ ಮಾಡುತ್ತ ಹೋದರು. 1961ರ ಮೇ 27ರ ನಸುಕಿನಲ್ಲಿ ಉತ್ತರ ಬಂತು. ಫಿನೈಲ್‌ಅಲನಿನ್ ಎಂಬ ಆಮ್ಲ ಮಾತ್ರ ಸರವಾಗಿತ್ತು. ಯುಯುಯು ಎಂದರೆ ಫಿನೈಲ್‌ಅಲನಿನ್! ಜೀವದ ನಿಘಂಟಿನ ಮೊದಲ ಪದ ಅದು. ಆ ರಾತ್ರಿ ಪ್ರಯೋಗ ಮಾಡಿದವರು ಮಥಾಯ್. ನಿರೆನ್‌ಬರ್ಗ್ ಆಗ ಕ್ಯಾಲಿಫೋರ್ನಿಯಾದಲ್ಲಿದ್ದರು.

ಅದೇ ಆಗಸ್ಟ್‌ನಲ್ಲಿ ಮಾಸ್ಕೋದಲ್ಲಿ ಜೀವರಸಾಯನ ವಿಜ್ಞಾನಿಗಳ ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. ನಿರೆನ್‌ಬರ್ಗ್ ಚಿಕ್ಕ ಕೋಣೆಯೊಂದರಲ್ಲಿ ಬೆರಳೆಣಿಕೆಯ ಜನರ ಮುಂದೆ ಪ್ರಬಂಧ ಓದಿದರು. ಅದನ್ನು ಕೇಳಿದ ಮೆಸೆಲ್ಸನ್ ಕ್ರಿಕ್‌ಗೆ ಸುದ್ದಿ ಮುಟ್ಟಿಸಿದರು. ಕ್ರಿಕ್ ಅದೇ ಪ್ರಬಂಧವನ್ನು ದೊಡ್ಡ ಸಭೆಯ ಮುಂದೆ ಮತ್ತೊಮ್ಮೆ ಓದಿಸಿದರು. ತಾವು ವರ್ಷಗಟ್ಟಲೆ ತಲೆ ಕೆಡಿಸಿಕೊಂಡ ಒಗಟನ್ನು ಹೊರಗಿನವನೊಬ್ಬ ಬಿಡಿಸಿದಾಗ ಅವನಿಗೆ ವೇದಿಕೆ ಬಿಟ್ಟುಕೊಟ್ಟ ಆ ದೊಡ್ಡತನವೂ ಇತಿಹಾಸದಲ್ಲಿ ನೆನಪಿಡಬೇಕಾದದ್ದೇ. ಪದಕ್ಕೆ ಮೂರೇ ಅಕ್ಷರ ಎಂಬುದಕ್ಕೆ ಕ್ರಿಕ್ ಮತ್ತು ಸಂಗಡಿಗರು ಅದೇ ವರ್ಷಾಂತ್ಯದಲ್ಲಿ ಪ್ರಯೋಗದ ಆಧಾರವನ್ನೂ ಕೊಟ್ಟರು.

ಉಳಿದ 63 ಪದಗಳ ಗತಿ? ಇಲ್ಲಿ ಬರುತ್ತಾರೆ ನಮ್ಮ ಪಟವಾರಿಯ ಮಗ ಹರಗೋಬಿಂದ ಖೊರಾನಾ. 1922ರಲ್ಲಿ ಈಗಿನ ಪಾಕಿಸ್ತಾನದಲ್ಲಿರುವ ರಾಯಪುರದಲ್ಲಿ ಹುಟ್ಟಿದವರು. ನೂರು ಜನರ ಆ ಹಳ್ಳಿಯಲ್ಲಿ ಅಕ್ಷರ ಬಲ್ಲ ಕುಟುಂಬ ಹೆಚ್ಚುಕಡಿಮೆ ಅವರದೊಂದೇ. ಬಡತನವಿದ್ದರೂ ತಂದೆ ಮಕ್ಕಳ ಓದು ನಿಲ್ಲಿಸಲಿಲ್ಲ. ಲಾಹೋರಿನಲ್ಲಿ ಎಂ.ಎಸ್ಸಿ., ಲಿವರ್‌ಪೂಲ್‌ನಲ್ಲಿ ಪಿಎಚ್.ಡಿ. ಮುಗಿಸಿ 1949ರಲ್ಲಿ ಭಾರತಕ್ಕೆ ಮರಳಿದಾಗ ದೇಶ ಒಡೆದಿತ್ತು, ಹುಟ್ಟೂರು ಗಡಿಯಾಚೆ ಸೇರಿತ್ತು. ಇಲ್ಲಿ ಅವರಿಗೆ ತಕ್ಕ ಕೆಲಸ ಸಿಗಲಿಲ್ಲ. ಇಂಗ್ಲೆಂಡಿಗೆ ಹಿಂದಿರುಗಿದರು. ಅಲ್ಲಿಂದ ಕೆನಡಾ, 1960ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯ.

ಖೊರಾನಾರದು ರಸಾಯನ ವಿಜ್ಞಾನಿಯ ಕೈ. ಯಾವ ಅಕ್ಷರದ ನಂತರ ಯಾವುದು ಎಂದು ಗೊತ್ತಿರುವ ಎಳೆಗಳನ್ನು ಅವರು ಒಂದೊಂದೇ ಅಕ್ಷರ ಜೋಡಿಸಿ ಕಟ್ಟಿದರು. ಯುಸಿಯುಸಿಯುಸಿ ಎಂದು ಸಾಗುವ ಎಳೆಯನ್ನು ಮೂರು ಮೂರಾಗಿ ಓದಿದರೆ ಯುಸಿಯು, ಸಿಯುಸಿ ಎಂಬ ಎರಡು ಪದಗಳು ಸರದಿಯಂತೆ ಬರುತ್ತವೆ. ಅದರಿಂದ ಹುಟ್ಟಿದ ಸರದಲ್ಲೂ ಸೆರಿನ್, ಲ್ಯೂಸಿನ್ ಎಂಬ ಎರಡು ಮಣಿಗಳು ಸರದಿಯಂತೆ ಬಂದವು. ಅತ್ತ ನಿರೆನ್‌ಬರ್ಗ್, ಫಿಲಿಪ್ ಲೆಡರ್ ಜೊತೆ 1964ರಲ್ಲಿ ಇನ್ನೊಂದು ಸುಲಭ ವಿಧಾನ ಕಂಡುಹಿಡಿದರು. 1966ರ ಹೊತ್ತಿಗೆ ನಿಘಂಟು ಭರ್ತಿಯಾಯಿತು. 61 ಪದಗಳು ಅಮೈನೋ ಆಮ್ಲಗಳಿಗೆ, ಉಳಿದ ಮೂರು ಪೂರ್ಣವಿರಾಮಕ್ಕೆ. ಸಣ್ಣಪುಟ್ಟ ವ್ಯತ್ಯಾಸ ಬಿಟ್ಟರೆ ಹುಲ್ಲಿಗೂ ಆನೆಗೂ ಮನುಷ್ಯನಿಗೂ ಇದೇ ನಿಘಂಟು.

1968ರ ನೊಬೆಲ್ ಬಹುಮಾನವನ್ನು ನಿರೆನ್‌ಬರ್ಗ್, ಖೊರಾನಾ ಹಾಗೂ ಅಮೈನೋ ಆಮ್ಲ ಹೊತ್ತು ತರುವ ಆರ್‌ಎನ್‌ಎಯ ರಚನೆ ಬಿಡಿಸಿದ ರಾಬರ್ಟ್ ಹಾಲಿ ಹಂಚಿಕೊಂಡರು. ಮೊದಲ ಪದ ಓದಿದ ರಾತ್ರಿ ಎಚ್ಚರವಿದ್ದ ಮಥಾಯ್ ಹೆಸರು ಪಟ್ಟಿಯಲ್ಲಿರಲಿಲ್ಲ. ಮುಂದಿನ ವರ್ಷ ಭಾರತ ಖೊರಾನಾರಿಗೆ ಪದ್ಮವಿಭೂಷಣ ನೀಡಿತು. ಅಷ್ಟರಲ್ಲಾಗಲೇ ಅವರು ಅಮೆರಿಕದ ಪ್ರಜೆಯಾಗಿದ್ದರು. 2011ರಲ್ಲಿ ಅಲ್ಲಿಯೇ ತೀರಿಕೊಂಡರು.

ಇದೆಲ್ಲ ತಿಳಿದು ನಮಗೇನು ಪ್ರಯೋಜನ ಎನ್ನುವವರು ಕುಡುಗೋಲು ಕಣ ರಕ್ತಹೀನತೆಯನ್ನು ನೋಡಬೇಕು. ಹಿಮೋಗ್ಲೋಬಿನ್‌ನ ಒಂದು ಸರದಲ್ಲಿ 146 ಮಣಿಗಳು. ಆರನೆಯ ಮಣಿಯ ಪದ ಜಿಎಜಿ ಎಂದಿರುವಲ್ಲಿ ಜಿಯುಜಿ ಆದರೆ ಸಾಕು, ದುಂಡಗಿನ ರಕ್ತಕಣ ಕುಡುಗೋಲಿನಂತೆ ಬಾಗುತ್ತದೆ, ರಕ್ತನಾಳ ಕಟ್ಟುತ್ತದೆ, ಅಸಾಧ್ಯ ನೋವು ಬರುತ್ತದೆ. ತಂದೆ ತಾಯಿ ಇಬ್ಬರಿಂದಲೂ ಈ ತಪ್ಪಕ್ಷರ ಬಂದ ಮಗುವಿಗೆ ರೋಗ ತಪ್ಪದು. ಭಾರತದಲ್ಲಿ ಇದು ಮೊದಲು ಪತ್ತೆಯಾದದ್ದು 1952ರಲ್ಲಿ, ನಮ್ಮ ಗಡಿಗೆ ತಾಗಿದ ನೀಲಗಿರಿಯ ಬುಡಕಟ್ಟು ಜನರಲ್ಲಿ. ಕರ್ನಾಟಕದ ಕಾಡಂಚಿನ ಹಾಡಿಗಳಲ್ಲೂ ಇದು ಇದೆ. ಇದನ್ನು ತೊಲಗಿಸುವ ರಾಷ್ಟ್ರೀಯ ಯೋಜನೆ ಆರಂಭವಾದದ್ದು 2023ರ ಜುಲೈನಲ್ಲಿ.

ಅದೇ ವರ್ಷದ ಕೊನೆಯಲ್ಲಿ ಬ್ರಿಟನ್ ಮತ್ತು ಅಮೆರಿಕ ಈ ರೋಗಕ್ಕೆ ವಂಶವಾಹಿಯನ್ನೇ ತಿದ್ದುವ ಚಿಕಿತ್ಸೆಗೆ ಒಪ್ಪಿಗೆ ನೀಡಿದವು. ಅಮೆರಿಕದಲ್ಲಿ ಅದಕ್ಕೆ ನಿಗದಿಯಾದ ಬೆಲೆ 22 ಲಕ್ಷ ಡಾಲರ್. ಲಿಪಿಯನ್ನು ಓದಲು ವಿಜ್ಞಾನಿಗಳಿಗೆ ಹದಿಮೂರು ವರ್ಷ ಸಾಕಾಯಿತು. ತಿದ್ದಲು ಕಲಿಯುವುದಕ್ಕೆ ಮತ್ತೆ ಅರ್ಧ ಶತಮಾನ ಹಿಡಿಯಿತು. ಆ ತಿದ್ದುಪಡಿ ಹಾಡಿಯ ಮಗುವಿನ ಕೈಗೆಟುಕಲು ಇನ್ನೆಷ್ಟು ಕಾಲ ಬೇಕು ಎಂಬ ಪ್ರಶ್ನೆಗೆ ಉತ್ತರ ಕೊಡಬೇಕಾದವರು ಮಾತ್ರ ವಿಜ್ಞಾನಿಗಳೊಬ್ಬರೇ ಅಲ್ಲ.